ಮುಳ್ಳು ತೆಗೆಯುವವಳ ಮುಖ

ಆರು ವರ್ಷ ನಾನು ಕಾಲು ಕೆತ್ತಿದ್ದೇನೆ. ಕಾಲು, ಸೀರೆಯ ನಿರಿಗೆ, ಪೀಠದ ಬಳ್ಳಿ, ಆನೆಯ ಬಾಲ. ಕೆರೂರು ದಾಟಿದ ಮೇಲೆ ಬಾದಾಮಿ ರಸ್ತೆಯ ಬದಿಗೆ ಲಾಡಸಾಬ ಚಾಚಾನ ಕಲ್ಲಿನ ಅಂಗಳವಿದೆ. ತುಳಸಿಕಟ್ಟೆಯಿಂದ ಗೋರಿಕಲ್ಲಿನವರೆಗೆ ಅಲ್ಲಿ ಕೇಳಿದ್ದೆಲ್ಲ ಆಗುತ್ತದೆ, ಆದರೆ ಮುಖವನ್ನು ಮಾತ್ರ ಚಾಚಾ ಒಬ್ಬರೇ ಮಾಡುತ್ತಾರೆ. ನಾವು ಉಳಿದದ್ದನ್ನೆಲ್ಲ ಮುಗಿಸಿ, ಕುತ್ತಿಗೆಯ ಮೇಲೆ ಒಂದು ಗಡ್ಡೆ ಕಲ್ಲು ಬಿಟ್ಟು ಸರಿಯಬೇಕು. ಆಮೇಲೆ ಅವರು ಬಂದು ಕೂರುತ್ತಾರೆ. ಕೊಳ್ಳಲು ಬಂದವರು ಮುಖದ ಮುಂದೆ ನಿಂತು ಇದು ಯಾರ ಕೈ ಎಂದು ಕೇಳುತ್ತಾರೆ. ಕಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಗೆ ಕೇಳಿದವನನ್ನು ನಾನು ಇಂದಿಗೂ ಕಂಡಿಲ್ಲ.

ನನಗೆ ಒಂದು ಮುಖ ಬೇಕಾಗಿತ್ತು. ಅಷ್ಟೇ. ಕೇಳಿದಾಗಲೆಲ್ಲ ಚಾಚಾ ಇನ್ನೂ ಸ್ವಲ್ಪ ತಡಿ ಎನ್ನುತ್ತಿದ್ದರು, ಎಷ್ಟು ತಡೆಯಬೇಕೆಂದು ಹೇಳುತ್ತಿರಲಿಲ್ಲ.

ಈ ವರ್ಷ ಹುನಗುಂದದಾಚೆ, ಇಳಕಲ್ಲಿಗೆ ಹೋಗುವ ಹೆದ್ದಾರಿಯ ಮೇಲೆ ಒಂದು ಹೊಸ ಹೋಟೆಲು ಏಳುತ್ತಿತ್ತು. ಅದರ ಒಳಾಂಗಣದ ಕೆಲಸ ಹಿಡಿದಿದ್ದ ಗೀತಾಂಜಲಿ ಮೇಡಂ ಬಾಗಲಕೋಟೆಯ ನವನಗರದಿಂದ ಕಾರಿನಲ್ಲಿ ಬಂದರು. ಮೊಬೈಲಿನಲ್ಲಿ ಐದು ಫೋಟೋ ತೋರಿಸಿದರು. ಎಲ್ಲವೂ ಗ್ರೀಸ್ ದೇಶದ ಹಳೆಯ ಉಬ್ಬುಶಿಲ್ಪಗಳು. ಸಿಂಹದ ಜೊತೆ ಕುಸ್ತಿಗೆ ಬಿದ್ದವನೊಬ್ಬ, ಅರ್ಧ ಕುದುರೆ ಅರ್ಧ ಮನುಷ್ಯ ಆದವನೊಬ್ಬ, ಕೂದಲಿನ ಬದಲು ಹಾವು ಬೆಳೆದವಳೊಬ್ಬಳು, ಈಟಿ ಹಿಡಿದ ದೇವಿಯೊಬ್ಬಳು. ಐದನೆಯದರಲ್ಲಿ ಹೆಣ್ಣೊಬ್ಬಳು ಒಂಟಿಗಾಲಲ್ಲಿ ನಿಂತು, ಬಾಗಿ, ಎತ್ತಿದ ಪಾದಕ್ಕೆ ಕೈ ಹಾಕಿದ್ದಳು. ಬೆನ್ನ ಹಿಂದೆ ರೆಕ್ಕೆ. ಮೈಗೆ ಅಂಟಿದ ತೆಳು ಬಟ್ಟೆ, ಕೊಡ ನೀರು ಸುರಿದುಕೊಂಡು ಬಂದ ಹಾಗೆ. ತಲೆ ಇರಲಿಲ್ಲ. ಯಾವ ಕಾಲದಲ್ಲೋ ಮುರಿದು ಹೋಗಿತ್ತಂತೆ.

ನಮ್ಮ ಕೆಂಪು ಮರಳುಗಲ್ಲಿನಲ್ಲೇ ಆಗಬೇಕು, ಒಂದೊಂದು ಮೂರಡಿ ಎತ್ತರ, ಒಂದೂವರೆ ತಿಂಗಳೊಳಗೆ ಎಂದು ಮೇಡಂ ಹೇಳಿ ಹೋದರು. ಚಾಚಾ ಅಂದೇ ಕೆಲಸ ಹಂಚಿದರು. ಮೊದಲಿನ ನಾಲ್ಕರ ಮೈ ಶಾಬುದ್ದೀನ ಮತ್ತು ಇನ್ನಿಬ್ಬರದು, ಮುಖ ತಮ್ಮದು. ಐದನೆಯ ಫೋಟೋವನ್ನು ನನ್ನ ಮುಂದೆ ಹಿಡಿದರು.

"ಇದಕ್ಕ ತಲಿನ ಇಲ್ಲ. ಇದನ್ನ ಪೂರಾ ನೀನ ಮಾಡು."

ಅಂಗಳವೆಲ್ಲ ನಕ್ಕಿತು. ಶಾಬುದ್ದೀನ ನನ್ನ ಓರಗೆಯವನು, ನಾಲಿಗೆ ಸುಮ್ಮನಿರುವುದಿಲ್ಲ. ನಿನ್ನ ಹಣೆಬರಹಕ್ಕೆ ತಕ್ಕ ದೇವಿ ಪರದೇಶದಿಂದ ಬಂದಳು ನೋಡು ಎಂದ. ನಾನು ಕೈಯಲ್ಲಿದ್ದ ಉಳಿಯನ್ನು ನೆಲಕ್ಕೆ ಒಗೆದು ಬೀದಿಗೆ ಹೋಗಿ ನಿಂತೆ. ಒಂಬತ್ತನೆಯ ಇಯತ್ತೆಯಲ್ಲಿ ಗಣಿತದ ಮಾಸ್ತರು ನನ್ನನ್ನು ವರ್ಗದ ಹೊರಗೆ ನಿಲ್ಲಿಸಿದಾಗಲೂ ಹೀಗೇ ಹೋಗಿದ್ದೆ, ತಿರುಗಿ ಹೋಗಲಿಲ್ಲ. ಇಲ್ಲಿಗೆ ತಿರುಗಿ ಬಂದೆ. ಬೇರೆ ಕಡೆ ನನ್ನ ಕೈಗೆ ಕೆಲಸ ಗೊತ್ತಿರಲಿಲ್ಲ.

ಕಲ್ಲು ಆರಿಸಿ ಇದ್ದಲಿಯಿಂದ ಗೆರೆ ಹಾಕಿದೆ. ಮೊದಲು ಬಟ್ಟೆಯ ಮಡಿಕೆಗಳು. ಅವು ನಮ್ಮ ದೇವಿಯರ ನಿರಿಗೆಯ ಹಾಗೆ ಸಾಲಾಗಿ ಬೀಳುವುದಿಲ್ಲ. ಮೊಳಕಾಲಿನ ಹತ್ತಿರ ಗುಂಪುಗೂಡಿ, ತೊಡೆಯ ಮೇಲೆ ಹರಿದು ಹೋಗುತ್ತವೆ. ಎರಡು ವಾರ ಅದರ ಹಿಂದೆಯೇ ಬಿದ್ದೆ. ಅವುಗಳನ್ನು ಕೆತ್ತುವಾಗ, ಇದನ್ನು ಮಾಡಿದವನೂ ಎಲ್ಲೋ ಒಂದು ಅಂಗಳದಲ್ಲಿ ಯಾರದೋ ಕೈಕೆಳಗೆ ಬೈಸಿಕೊಂಡು ಕೂತಿರಬೇಕು ಅನ್ನಿಸುತ್ತಿತ್ತು.

ಕೆಲಸ ನೋಡಲು ಬಂದ ಮೇಡಂಗೆ ಈಕೆ ಯಾರು, ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ. ಈಕೆ ಗೆಲುವಿನ ದೇವತೆ, ಅಥೆನ್ಸಿನ ಗುಡಿಯ ಕಟ್ಟೆಯ ಮೇಲಿನವಳು, ಕಾಲಿನ ಚಪ್ಪಲಿ ಬಿಚ್ಚುತ್ತಿದ್ದಾಳೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಚಪ್ಪಲಿ ಬಿಡುವುದಕ್ಕೆ ಯಾರು ಇಷ್ಟು ಬಾಗುತ್ತಾರೆ? ಬನಶಂಕರಿ ಗುಡಿಯ ಮುಂದೆ ದಿನಕ್ಕೆ ಸಾವಿರ ಮಂದಿ ಚಪ್ಪಲಿ ಬಿಡುತ್ತಾರೆ, ಒಂದು ಕಾಲಿನಿಂದ ಇನ್ನೊಂದನ್ನು ಒತ್ತಿ ಕಳಚಿ ನಡೆಯುತ್ತಾರೆ. ಹೀಗೆ ಒಂಟಿಗಾಲಲ್ಲಿ ನಿಂತು ಬಾಗುವುದು ಒಂದೇ ಕಾರಣಕ್ಕೆ. ಫೋಟೋದಲ್ಲಿ ಕೈಯ ಹತ್ತಿರ ಕಲ್ಲು ಸವೆದು ಏನೂ ಕಾಣುತ್ತಿರಲಿಲ್ಲ. ನಾನು ಬೆರಳುಗಳನ್ನು ಅಂಗಾಲಿಗೆ ತಂದು, ಹೆಬ್ಬೆರಳಿನ ಸಂದಿಯಲ್ಲಿ ಜಾಲಿಮುಳ್ಳೊಂದನ್ನು ಕೆತ್ತಿದೆ, ಅಕ್ಕಿಕಾಳಿನಷ್ಟು ಉದ್ದದ್ದು. ಯಾರಿಗೂ ಹೇಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಿರಲಿಲ್ಲ. ಕುತ್ತಿಗೆಯ ಮೇಲೆ ಗಡ್ಡೆ ಕಲ್ಲನ್ನು ಹಾಗೇ ಬಿಟ್ಟಿದ್ದೆ. ಶಾಬುದ್ದೀನ ಕೇಳಿದಾಗ, ಮುರಿದ ಗುರುತನ್ನು ಕೊನೆಗೆ ಮಾಡುತ್ತೇನೆ ಎಂದು ಸುಳ್ಳು ಹೇಳಿದೆ.

ಚಾಚಾ ತಮ್ಮ ನಾಲ್ಕು ಮುಖ ಮುಗಿಸಿದ ಮಾರನೆ ದಿನ ಕಣ್ಣಿನ ಪೊರೆ ತೆಗೆಸಲು ಬಾಗಲಕೋಟೆಗೆ ಹೋದರು. ಮಗಳ ಮನೆ ಅಲ್ಲೇ ಇದೆ. ದೂಳಿಗೆ ಬರಬಾರದೆಂದು ಡಾಕ್ಟರು ಹತ್ತು ದಿನ ಅಲ್ಲೇ ಇರಲು ಹೇಳಿದ್ದರು. ನಾನು ಚೊಳಚಗುಡ್ಡದಿಂದ ಮೊದಲ ಬಸ್ಸಿಗೆ ಹೊರಟು, ಬಾದಾಮಿಯಲ್ಲಿ ಬಸ್ಸು ಬದಲಿಸಿ, ಉಳಿದವರು ಬರುವ ಮೊದಲೇ ಅಂಗಳದಲ್ಲಿ ಇರುತ್ತಿದ್ದೆ. ಆ ಗಡ್ಡೆಯ ಮುಂದೆ ಕೂತೆ.

ಯಾರ ಮುಖ ಮಾಡಬೇಕೆಂದು ಯೋಚಿಸಿರಲಿಲ್ಲ. ಹಣೆ ಬಂತು, ಮೂಗು ಬಂತು. ಗದ್ದ ಸ್ವಲ್ಪ ದಪ್ಪವಾಯಿತು, ಹಾಗೇ ಬಿಟ್ಟೆ. ತುಟಿಗಳು ತಾವಾಗಿಯೇ ತುಸು ತೆರೆದುಕೊಂಡವು, ಏನೋ ಹೇಳುತ್ತಾ ನಡುವೆ ನಿಂತ ಹಾಗೆ. ಐದನೆಯ ದಿನ ಕಣ್ಣು ತೆರೆಸಿದೆ. ಕಣ್ಣು ಕೊನೆಗೆ ತೆರೆಸುವುದು ಅಂಗಳದ ರೀತಿ, ಅದನ್ನು ಚಾಚಾ ಮಾಡುವಾಗ ಕದ್ದು ಕದ್ದು ನೋಡಿದ್ದೆ. ಆಕೆ ಮೈ ಬಾಗಿಸಿ, ಮುಖವನ್ನು ಒಂದು ಬದಿಗೆ ಎತ್ತಿ, ಕಲ್ಲಿನ ಅಂಚಿನಾಚೆ ನೋಡುತ್ತಿದ್ದಳು.

ಆ ದಿನ ಶಾಬುದ್ದೀನ ಚಹಾ ಹಿಡಿದು ಬಂದವನು ಆಕೆಯ ಮುಂದೆ ನಿಂತ. ಏನಾದರೂ ಅಂದರೆ ಹೊಡೆಯಬೇಕೆಂದು ಕಾಯುತ್ತಿದ್ದೆ. ಅವನ ಕೈಯಲ್ಲೇ ಚಹಾ ಆರಿಹೋಯಿತು.

ಮಾರನೆ ದಿನ ಮೇಡಂ ಬಂದರು. ನಾಲ್ಕು ಕಲ್ಲು ನೋಡಿ ಖುಷಿಯಾದವರು ಐದನೆಯದರ ಮುಂದೆ ನಿಂತು ಮೊಬೈಲು ತೆಗೆದು ಫೋಟೋ ನೋಡಿದರು, ಕಲ್ಲು ನೋಡಿದರು, ಮತ್ತೆ ಫೋಟೋ ನೋಡಿದರು. ಇದಕ್ಕೆ ತಲೆ ಎಲ್ಲಿಂದ ಬಂತು ಎಂದು ಕೇಳಿದರು. ನಾನು ಮಾಡಿದೆ ಎಂದೆ. ತಲೆ ಇಲ್ಲದಿರುವುದೇ ಇದರ ಚೆಲುವು, ಜಗತ್ತಿನಲ್ಲಿ ಎಲ್ಲರೂ ಇದನ್ನು ಹೀಗೇ ಬಲ್ಲರು, ಮಾಲಕರಿಗೆ ನಾನು ಇದೇ ಫೋಟೋ ತೋರಿಸಿದ್ದೇನೆ ಎಂದು ಅವರು ಮೆಲ್ಲಗೆ, ಸಣ್ಣ ಹುಡುಗನಿಗೆ ತಿಳಿಹೇಳುವ ಹಾಗೆ ಹೇಳಿದರು. ಅವರು ಕೂಗಿದ್ದರೆ ನನಗೆ ಸಲೀಸಾಗುತ್ತಿತ್ತು.

ಒಡಕು ಮೂರ್ತಿಯನ್ನು ನಮ್ಮ ಕಡೆ ಯಾರೂ ಮನೆಯೊಳಗೆ ಇಡುವುದಿಲ್ಲ, ಒಡೆದದ್ದನ್ನು ಹೊಳೆಗೆ ಬಿಡುತ್ತಾರೆ ಎಂದು ಹೇಳಿದೆ. ಇದು ಪೂಜೆಗಲ್ಲ ಎಂದರು. ಹಾಗಿದ್ದರೆ ತಲೆ ಇದ್ದರೇನು ಎಂದೆ.

"ತಮ್ಮಾ, ನಿನ್ನ ಕಲ್ಪನಾ ನಾವು ಕೇಳಿಲ್ಲ. ಇದ್ದದ್ದು ಇದ್ದಾಂಗ ಮಾಡು ಅಂದೀವಿ. ಆ ತಲಿ ಹೊಡದು ತಗದು ಕೊಡು, ಅಷ್ಟ."

"ಹೊಡಿಯಂಗಿಲ್ರಿ."

"ಮತ್ತ ಯಾರು ಹೊಡೀತಾರ?"

ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಅವರು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಆಗ ಮಾತ್ರ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ನನಗೆ ಗೊತ್ತಾಯಿತು. ಕೆಳಗಿಟ್ಟೆ. ಚಾಚಾ ಬರಲಿ, ಅವರ ಹತ್ತಿರವೇ ಮಾತಾಡುತ್ತೇನೆ ಎಂದು ಅವರು ಹೊರಟುಹೋದರು.

ಮೂರು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಊಟದ ಬುತ್ತಿ ಬಿಚ್ಚುತ್ತಿದ್ದೆ, ಕಟ್ಟುತ್ತಿದ್ದೆ. ಒಂದು ತುಳಸಿಕಟ್ಟೆಯ ಮೂಲೆ ಹಾರಿಸಿಬಿಟ್ಟೆ. ಮನೆಯಲ್ಲಿ ಅವ್ವ ಹನಮವ್ವ ಯಾರ ಜೊತೆ ಜಗಳಾಡಿ ಬಂದೆ ಎಂದು ಕೇಳಿದ್ದಕ್ಕೆ ತಾಟು ಸರಿಸಿ ಎದ್ದೆ. ಚಾಚಾ ಬಂದು ಒಂದು ಮಾತು ಹೇಳಿದರೆ ಆ ಮುಖ ಉಳಿಯುತ್ತದೆ, ಇನ್ನೊಂದು ಮಾತು ಹೇಳಿದರೆ ನಾನು ಸಾಯುವ ತನಕ ಕಾಲು ಕೆತ್ತುತ್ತೇನೆ. ಅಷ್ಟು ಗೊತ್ತಿತ್ತು.

ಚಾಚಾ ಕರಿ ಕನ್ನಡಕ ಹಾಕಿಕೊಂಡು ಬಂದರು. ಮೇಡಂ ಆಗಲೇ ಬಂದು ಕಾಯುತ್ತಿದ್ದರು, ಆ ತಲೆ ತೆಗೆಸಿ ಕೊಡಿ ಎಂದರು. ಬಿಸಿಲಿಗೆ ಕಣ್ಣು ತೆರೆಯಬಾರದೆಂದು ಡಾಕ್ಟರು ಹೇಳಿದ್ದರಿಂದ ಚಾಚಾ ಕಲ್ಲಿನ ಮುಂದೆ ಕೂತು ಕೈ ಚಾಚಿದರು. ಬೆರಳು ಮೊದಲು ರೆಕ್ಕೆಯ ಮೇಲೆ ಹೋಯಿತು, ಹೆಗಲಿಗೆ ಬಂತು, ಆಮೇಲೆ ಮುಖ. ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ. ಕಣ್ಣಿನ ರೆಪ್ಪೆಯ ಮೇಲೆ ಹೆಬ್ಬೆರಳು ಬಹಳ ಹೊತ್ತು ನಿಂತಿತು.

"ಕಣ್ಣು ತೆರದ ಕಲ್ಲಿಗೆ ಈ ಅಂಗಳದಾಗ ಸುತ್ತಿಗಿ ಹಾಕೂದಿಲ್ರಿ ಬಾಯಾರ. ನಮಗ ಕಲಿಸಿದವರು ಹಂಗ ಕಲಿಸ್ಯಾರ. ನಿಮಗ ಬ್ಯಾರೆ ಕಲ್ಲು ಮಾಡಿ ಕೊಡ್ತೀವಿ, ತಲಿ ಇಲ್ದಂತಾದ್ದು. ಇದು ಇಲ್ಲೇ ಇರತೈತಿ."

ಮೇಡಂ ಹೋಟೆಲಿನ ಆರಂಭಕ್ಕೆ ಹನ್ನೆರಡು ದಿನ ಉಳಿದಿದೆ ಎಂದರು. ಹಗಲು ರಾತ್ರಿ ಕೆಲಸ ಮಾಡುತ್ತೇವೆ ಎಂದು ಚಾಚಾ ಹೇಳಿದರು. ಅಷ್ಟರಲ್ಲಿ ಆಗುವ ಕೆಲಸವಲ್ಲ ಎಂದು ಚಾಚಾನಿಗೂ ಗೊತ್ತು, ನನಗೂ ಗೊತ್ತು. ಮೇಡಂ ಮುಖ ಸಣ್ಣ ಮಾಡಿಕೊಂಡು ಕಾರು ಹತ್ತಿದರು. ನನಗಾಗಿ ಆ ಮುದುಕ ಇಡೀ ಆರ್ಡರನ್ನೇ ಪಣಕ್ಕಿಟ್ಟಿದ್ದರು. ನನ್ನ ಎದೆ ಉಬ್ಬಿತು. ಇನ್ನು ಮುಖ ನೀನೂ ಮಾಡು ಎಂದು ಇವತ್ತು ಹೇಳುತ್ತಾರೆ, ಇವತ್ತು ಹೇಳಿಯೇ ಹೇಳುತ್ತಾರೆ ಎಂದುಕೊಂಡೆ.

ಕಾರಿನ ಸದ್ದು ಹೋದ ಮೇಲೆ ಚಾಚಾ ಮತ್ತೆ ಕೈ ಚಾಚಿದರು. ಈ ಸಲ ಪಾದದಿಂದ ಶುರು ಮಾಡಿದರು. ಬೆರಳಿಗೆ ಆ ಅಕ್ಕಿಕಾಳು ಸಿಕ್ಕಿತು. ನಿಂತರು.

"ಮುಳ್ಳೇನು?"

"ಹೌದ್ರಿ."

"ಮೂಗು ಬಂದೈತಿ. ತುಟಿ ಬಂದೈತಿ." ಅವರ ಕೈ ಪಾದದ ಮೇಲೇ ಇತ್ತು. "ಮುಳ್ಳು ಇಲ್ಲೈತಿ. ಈಕಿ ಎಲ್ಲಿ ನೋಡಾಕತ್ಯಾಳೋ ಲಕ್ಷ್ಮಣಾ?"

ನಾನು ಪಾದ ನೋಡಿದೆ, ಮತ್ತೆ ಮುಖ ನೋಡಿದೆ. ಅವರು ಉತ್ತರಕ್ಕೆ ಕಾದರು. ಆಮೇಲೆ ಕಣ್ಣಿಗೆ ಔಷಧ ಹಾಕಿಕೊಳ್ಳುವ ವೇಳೆಯಾಯಿತೆಂದು ಎದ್ದು, ಅಂಗಳದ ಹಿಂದಿನ ತಮ್ಮ ಮನೆಗೆ ಹೋದರು.

ಆಮೇಲೆ ಆ ಮುಖವನ್ನು ನೋಡಲಾಗಲಿಲ್ಲ. ನೋಡಿದಷ್ಟೂ ಅದು ಕಾಲಿಗೆ ಸಂಬಂಧವೇ ಇಲ್ಲದ ಮುಖ. ಕಾಲಲ್ಲಿ ಮುಳ್ಳು ನಟ್ಟವಳು ಮುಳ್ಳನ್ನೇ ನೋಡುತ್ತಾಳೆ, ಎಳೆಯ ಕೂಸಿಗೂ ಗೊತ್ತು. ನಾನು ಯಾಕೆ ಮುಖ ಎತ್ತಿಸಿದೆ? ಗುಡಿಯ ದೇವರುಗಳೆಲ್ಲ ಬಂದವರ ಕಡೆ ನೋಡುತ್ತವೆ, ಅದು ಕೈಗೆ ಹತ್ತಿದ ಚಟ ಎಂದು ತೀರ್ಮಾನಿಸಿದೆ. ಆರು ವರ್ಷ ಕಾದು, ಸುಳ್ಳು ಹೇಳಿ, ಹೆಂಗಸಿನ ಮುಂದೆ ಸುತ್ತಿಗೆ ಹಿಡಿದು ನಿಂತು ಮಾಡಿದ್ದು ಇದು. ಇದಕ್ಕೇ ಚಾಚಾ ನನ್ನನ್ನು ಇಷ್ಟು ವರ್ಷ ಕಾಯಿಸಿದ್ದು. ಅವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು.

ಮಧ್ಯಾಹ್ನ ಎಲ್ಲರೂ ಉಣ್ಣಲು ನೆರಳಿಗೆ ಹೋದಾಗ ಸಣ್ಣ ಉಳಿ ತೆಗೆದುಕೊಂಡೆ. ಮೊದಲು ಕಣ್ಣುಗಳನ್ನು ಕೆರೆದು ಅಳಿಸಿದೆ. ಕಣ್ಣಿದ್ದ ಕಲ್ಲಿಗೆ ಪೆಟ್ಟು ಹಾಕುವ ಧೈರ್ಯ ನನಗೂ ಇರಲಿಲ್ಲ. ಎರಡೂ ಸಪಾಟಾದ ಮೇಲೆ ದೊಡ್ಡ ಉಳಿ ಇಟ್ಟೆ. ನಾಲ್ಕು ಪೆಟ್ಟಿಗೆ ಮುಖ ಎರಡು ತುಂಡಾಗಿ ನನ್ನ ಮಡಿಲಿಗೆ ಬಿತ್ತು.

ಉಳಿದ ಕೆಲಸ ಮೂರು ದಿನ ಹಿಡಿಯಿತು. ಸಾವಿರಾರು ವರ್ಷದ ಹಿಂದೆ ಮುರಿದ ಹಾಗೆ ಕಾಣಬೇಕೆಂದರೆ ಹೊಸ ಪೆಟ್ಟಿನ ಗುರುತು ಇರಬಾರದು. ಮುರುಕಿನ ಅಂಚನ್ನು ಮರಳಿನಿಂದ ತಿಕ್ಕಿ ತಿಕ್ಕಿ ಸವೆಸಿದೆ. ಶಾಬುದ್ದೀನ ನನ್ನ ಕಡೆ ನೋಡಲೇ ಇಲ್ಲ. ನಾನು ಹೆದರಿ ಮೇಡಂಗೆ ಮಣಿದೆ ಎಂದು ಅವನು ತಿಳಿದುಕೊಂಡಿದ್ದ. ನಿನ್ನಂಥವನ ಸಲುವಾಗಿ ಮುದುಕ ಆರ್ಡರು ಬಿಡಲು ತಯಾರಾಗಿದ್ದ ಎಂದಷ್ಟೇ ಅಂದ. ನಾನು ತಿಕ್ಕುತ್ತಲೇ ಇದ್ದೆ. ಮೇಡಂ ಬಂದು ನೋಡಿ, ಈಗ ಬುದ್ಧಿ ಬಂತಲ್ಲ ಎಂದು ನಕ್ಕರು. ಮುರುಕು ಎಷ್ಟು ಖರೆ ಕಾಣುತ್ತದೆ ಎಂದು ಅದರ ಮೇಲೆ ಕೈಯಾಡಿಸಿದರು. ಆರು ವರ್ಷದಲ್ಲಿ ನನ್ನ ಕೆಲಸವನ್ನು ಹೊರಗಿನವರು ಹೊಗಳಿದ್ದು ಅದೇ ಮೊದಲು, ಹೊಗಳಿದ್ದು ಮುರುಕನ್ನು. ಮುಳ್ಳು ಅವರ ಕಣ್ಣಿಗೆ ಬೀಳಲಿಲ್ಲ. ಲಾರಿ ಐದೂ ಕಲ್ಲುಗಳನ್ನು ಹೊತ್ತು ಹುನಗುಂದದ ದಾರಿ ಹಿಡಿಯಿತು.

ಚಾಚಾ ಎರಡು ತುಂಡು ಮುಖವನ್ನು ಮಲಪ್ರಭೆಗೆ ಬಿಟ್ಟು ಬಾ ಎಂದು ಮಾತ್ರ ಹೇಳಿದರು. ಬಿಟ್ಟು ಬಂದೆ.

ವಾರ ಕಳೆಯಿತು. ಅಂಗಳಕ್ಕೆ ರಜೆ ಇದ್ದ ದಿನ ಮನೆಯ ಕಟ್ಟೆಯ ಮೇಲೆ ಕೂತು ಹಳೆ ಉಳಿಗಳನ್ನು ಮಸೆಯುತ್ತಿದ್ದೆ. ಅವ್ವ ಬಾಳೆತೋಟದ ಕೂಲಿಯಿಂದ ಮಧ್ಯಾಹ್ನಕ್ಕೇ ಬಂದಳು, ಕುಂಟುತ್ತಿದ್ದಳು. ಬೇಲಿ ದಾಟುವಾಗ ಮುಳ್ಳು ನಟ್ಟಿತ್ತು. ಒಂದು ಕೈಯಿಂದ ಕಂಬ ಹಿಡಿದು, ಕಾಲು ಎತ್ತಿ, ಬಾಗಿದಳು. ಎದುರು ಮನೆಯ ಅಲೀಮಾ ಚಾಚಿ ಬಾಗಿಲಿಗೆ ಬಂದು, ತೋಟದಲ್ಲಿ ಇವತ್ತು ಯಾರು ಯಾರು ಬಂದಿದ್ದರು ಎಂದು ಕೇಳಿದಳು. ಅವ್ವ ಹೇಳತೊಡಗಿದಳು. ಹೆಬ್ಬೆರಳು ಅಂಗಾಲನ್ನು ತಡವುತ್ತಿತ್ತು, ಮುಳ್ಳಿನ ಬುಡ ಹುಡುಕುತ್ತಿತ್ತು. ಮುಖ ಎದುರು ಮನೆಯ ಛಾವಣಿಯ ಮೇಲಕ್ಕೆ ತಿರುಗಿತ್ತು. ಬೆರಳಿಗೆ ಅದು ಸಿಕ್ಕಾಗ ಮಾತು ನಡುವೆ ನಿಂತಿತು. ತುಟಿ ತೆರೆದೇ ಇತ್ತು. ಕಣ್ಣು ಏನನ್ನೂ ನೋಡುತ್ತಿರಲಿಲ್ಲ, ಲಕ್ಷ್ಯವೆಲ್ಲ ಬೆರಳಿನ ತುದಿಯಲ್ಲಿತ್ತು.

ಅವಳು ಒಮ್ಮೆಯೂ ಕಾಲನ್ನು ನೋಡಲಿಲ್ಲ. ಮುಳ್ಳು ಕಿತ್ತು ಒಗೆದು, ನಿಂತ ಮಾತನ್ನು ಮುಂದುವರಿಸಿದಳು.

ಉಳಿ ನನ್ನ ಕೈಯಿಂದ ಜಾರಿತು. ಆ ದಪ್ಪ ಗದ್ದ, ಆ ತೆರೆದ ತುಟಿ. ನಾನು ಹುಟ್ಟಿದಾಗಿನಿಂದ ನೋಡಿದ್ದನ್ನೇ ಕೈ ಕೆತ್ತಿತ್ತು.

"ಅವ್ವಾ, ಇನ್ನೊಮ್ಮೆ ಹಂಗ ನಿಂದ್ರು."

"ಯಾಕೋ?"

"ಮುಳ್ಳು ತಗದ್ಯಲ್ಲ, ಹಂಗ."

"ಹುಚ್ಚ ಹಿಡದೈತೇನು ನಿನಗ? ತಗದ ಮುಳ್ಳು ಮತ್ತ ಚುಚಗೊಳ್ಳಲೇನು?"

ಅಲೀಮಾ ಚಾಚಿ ನಕ್ಕಳು. ನಾನು ಚಪ್ಪಲಿ ಮೆಟ್ಟಿ ಓಡಿದೆ. ಬಾದಾಮಿಯ ಸ್ಟ್ಯಾಂಡಿನಲ್ಲಿ ಇಳಿದಾಗ ಕೆರೂರಿನ ಬಸ್ಸು ನಿಂತಿತ್ತು, ಡ್ರೈವರ್ ಚಹಾಕ್ಕೆ ಹೋಗಿದ್ದ. ಕೂರಲಾಗದೆ ಬಾಗಿಲಲ್ಲೇ ಜೋತುಬಿದ್ದೆ. ದಾರಿಯುದ್ದಕ್ಕೂ ಚಾಚಾನಿಗೆ ಹೇಳಬೇಕಾದ ಮಾತುಗಳು ಬಾಯಲ್ಲಿ ಕುದಿಯುತ್ತಿದ್ದವು.

ಅವರು ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದರು, ಕನ್ನಡಕ ಇರಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಅವ್ವ, ಬೆರಳು, ಎತ್ತಿದ ಮುಖ. ನಿಮ್ಮ ಮಾತಿಗೆ ಅದನ್ನು ಕಡಿದೆ ಎಂದೆ. ದನಿ ಏರಿತ್ತು.

ಅವರು ಪೂರ್ತಿ ಕೇಳಿದರು. ತಮ್ಮ ಹೆಬ್ಬೆರಳನ್ನು ಅಂಗೈಗೆ ಒತ್ತಿ, ಮುಖ ಎತ್ತಿ ಒಂದು ಗಳಿಗೆ ಹಾಗೇ ಇದ್ದರು.

"ಖರೆ ಐತಿ. ಮುಳ್ಳು ನೋಡಂಗಿಲ್ಲ," ಎಂದರು. "ಆದ್ರ ನಾ ಕಡಿ ಅಂದಿದ್ನೇನು? ಎಲ್ಲಿ ನೋಡಾಕತ್ಯಾಳ ಅಂತ ಕೇಳಿದೆ. ನನಗ ಗೊತ್ತಿದ್ದಿಲ್ಲ, ಅದಕ್ಕ ಕೇಳಿದೆ. ಮಾಡಿದಂವ ನೀ. ನೀ ಹೇಳಬೇಕಾಗಿತ್ತು."

"ನನಗೂ ಗೊತ್ತಿದ್ದಿಲ್ರಿ."

"ಹೂಂ. ಕೈಗಿ ಗೊತ್ತಿತ್ತು, ನಿನಗ ಗೊತ್ತಿದ್ದಿಲ್ಲ. ಅದಕ್ಕ ಯಾರರ ಒಂದು ಮಾತು ಕೇಳಿದ್ರ ಸಾಕು, ಸುತ್ತಿಗಿ ತಗೋತಿ."

ಬೈದಿದ್ದರೆ ಬೈದು ತೀರಿಸಿಕೊಳ್ಳುತ್ತಿದ್ದೆ. ಆ ಮುಖ ಈಗ ಹೊಳೆಯ ತಳದಲ್ಲಿದೆ, ಕಣ್ಣಿಲ್ಲದೆ. ಹೆದ್ದಾರಿಯ ಹೋಟೆಲಿನಲ್ಲಿ ಊಟಕ್ಕೆ ಬಂದವರು ನನ್ನ ಮುರುಕನ್ನು ನೋಡುತ್ತಿರುತ್ತಾರೆ. ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಳಕ್ಕೆ ನಡೆದೆ. ಗೋಡೆಗೆ ಒರಗಿಸಿದ್ದ ಚಪ್ಪಡಿಗಳಲ್ಲಿ ಮುಂದಿನದನ್ನು ಅಪ್ಪಿ ಹಿಡಿದು ಎಳೆಯತೊಡಗಿದೆ. ಅಪ್ಪಣೆ ಕೇಳಲಿಲ್ಲ. ಬೇಡ ಅನ್ನುತ್ತಾರೆ, ಅಂದರೆ ಅನ್ನಲಿ ಎಂದುಕೊಂಡೆ.

ಚಾಚಾ ಬಾಗಿಲವರೆಗೆ ಬಂದು ನಿಂತರು.

"ಅದು ಯಾರ ಆರ್ಡರ್ ಲೇ?"

"ಯಾರದೂ ಅಲ್ರಿ."

ನಾನು ಇನ್ನಷ್ಟು ಎಳೆದೆ. ಕಲ್ಲು ನೆಲ ಕೆರೆಯುತ್ತಾ ಒಂದು ಗೇಣು ಬಂತು.

"ಅದು ಬ್ಯಾಡ," ಎಂದರು. "ಅದರ ಪದರು ಸರಿಯಿಲ್ಲ, ಮೂಗಿಗಿ ಬಂದಾಗ ಸೀಳು ಬಿಡತೈತಿ. ಹಿಂದಿಂದು ತಗೋ."

ಕೈಯಿಂದ ಹಿಂದಿನದನ್ನು ಬಡಿದು ನೋಡಿದೆ. ಅದು ಕಂಚಿನ ಹಾಗೆ ಸದ್ದು ಮಾಡಿತು. ಹೊರಗೆ ಎಳೆದುಕೊಂಡೆ.